ಹಳೇ ರೂಮಿನ ಸ್ಟೆತಸ್ಕೋಪು

"ಇದನ್ನ ಯಾರ ಹತ್ರಾನೂ ಹೇಳ್ಬೇಡ, ಡಾಕ್ಟ್ರು ಕೇಳಿದ್ರೆ ತಮ್ಮ ಬಗ್ಗೆನೇ ಅಂದ್ಕೊಳ್ತಾರೆ" ಅಂತ ನರ್ಸಾಗಿರೋ ನಮ್ಮ ಚಿಕ್ಕಮ್ಮ ಹೇಳಿದ್ರು. ಆದ್ರೂ ಹೇಳ್ತೀನಿ.

ಅವ್ರ ಆಸ್ಪತ್ರೇಲಿ ಮೊದ್ಲೆಲ್ಲ ಬಂದೋರು ಡಾಕ್ಟ್ರ ರೂಮಿನ ಮುಂದೆ ಸ್ಟೆತಸ್ಕೋಪಿಗೋಸ್ಕರಾನೇ ಕಾಯ್ತಿದ್ರು. ಆಮೇಲೆ ಹೊಸ ಪದ್ಧತಿ ಬಂತು. ತೂಕದ ಮಿಷನ್ನು, ಬಿಪಿ ಮಿಷನ್ನು, ಸ್ಟೆತಸ್ಕೋಪು ಮೂರೂ ಹಾಲಲ್ಲಿ ಒಟ್ಟಿಗೆ ಇದ್ದು ರೋಗೀನ ನೋಡ್ಬೇಕು. ಸ್ಟೆತಸ್ಕೋಪಿಗೆ ಅವಮಾನ ಆದಂಗಾಯ್ತು.

"ತೂಕದ ಮಿಷನ್ ಪಕ್ಕ ನಾನಾ? ಅದನ್ನ ಜನ ತುಳೀತಾರೆ!" ಅಂತ ಡಾಕ್ಟ್ರ ಹಳೇ ರೂಮಿಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕ್ಕೊಂಡ್ತು.

ಅವತ್ತೇ ಕೆಂಪಜ್ಜಿ ಏದುಸಿರು ಬಿಡ್ತಾ ಬಂದ್ರು.

"ಹೋದ ವಾರಕ್ಕಿಂತ ತೂಕ ಏರಿದೆ, ಪಾದಾನೂ ಊದಿದೆ" ಅಂತು ತೂಕದ ಮಿಷನ್ನು.

"ಬಿಪಿನೂ ಜಾಸ್ತಿ" ಅಂತು ಇನ್ನೊಂದು.

ಎರಡೂ ಹೋಗಿ ಬಾಗಿಲು ತಟ್ಟಿದ್ವು. "ಅಣ್ಣಾ, ಅಜ್ಜಿ ಎದೆ ಒಂಚೂರು ಕೇಳಿ ಬನ್ನಿ."

"ಅಜ್ಜೀನೇ ಇಲ್ಲಿಗೆ ಬರ್ಲಿ. ನೀವು ಆಚೆ ಇರಿ."

"ಅವ್ರಿಗೆ ನಡಿಯೋಕಾಗ್ತಿಲ್ಲ."

"ಹಂಗಾದ್ರೆ ಕಾಯ್ಲಿ. ಎಲ್ರೂ ಕಾಯ್ತಿರ್ಲಿಲ್ವಾ?"

ಇನ್ನೊಂದ್ಸಲ ಕರೀಲಿ ಅಂತ ಸ್ಟೆತಸ್ಕೋಪು ಬಿಗುಮಾನದಲ್ಲಿ ಕೂತೇ ಇತ್ತು. ಅಷ್ಟರಲ್ಲಿ ಹೊರಗೆ ಆಂಬುಲೆನ್ಸ್ ಬಂತು. ತಮಗೆ ಗೊತ್ತಾದಷ್ಟನ್ನೇ ದೊಡ್ಡಾಸ್ಪತ್ರೇಲಿ ಹೇಳೋಣ ಅಂತ ಅವೆರಡೂ ಅಜ್ಜಿ ಜೊತೆ ಹತ್ಕೊಂಡ್ವು.

ಗಾಡಿ ಸದ್ದು ದೂರ ಆದಾಗ ಸ್ಟೆತಸ್ಕೋಪಿಗೆ ಗಾಬರಿ ಆಯ್ತು. "ಇರಿ, ಬಂದೆ!" ಅಂತು. ಹಾಕೋವಾಗ ಸುಲಭವಾಗಿ ಬಿದ್ದ ಚಿಲಕ, ಈಗ ತಾನೊಂದೇ ಎತ್ತೋಕೆ ಹೋದ್ರೆ ಮೇಲೇಳ್ಲಿಲ್ಲ. ಒಳಗಿಂದ ಬಾಗಿಲು ಬಡೀತು. ಆಮೇಲೆ, ರೋಗಿ ಎದೆಗೆ ಇಡೋ ಹಾಗೆ, ಬಾಗಿಲಿಗೆ ತನ್ನ ಬಿಲ್ಲೆ ಇಟ್ಟು ಕೇಳ್ತು.

ಆಚೆ ಯಾರೂ ಓ ಅನ್ನಲಿಲ್ಲ.