ಬಾನಿಯ ಹೆಪ್ಪು

ಕಲಗಚ್ಚಿನ ಬಾನಿಗೆ ಮೂತಿಯಿಟ್ಟ ಹಂದಿ, "ಥೂ, ಹುಳಿನಾತ!" ಎಂದು ಮುಖ ತಿರುಗಿಸಿತು.

ಬಾನಿಗೆ ಮೈಯೆಲ್ಲ ಉರಿಯಿತು. "ಮೈತುಂಬ ಕೆಸರು, ಮೂಗಿಗೆ ಮಾತ್ರ ಮಡಿಯೋ? ನಿನ್ನಜ್ಜನ ಮಾಂಸದ ರುಚಿಯನ್ನು ಊರು ಇನ್ನೂ ಹೊಗಳುತ್ತದೆ. ಅದು ಈ ಹುಳಿಯ ಗುಣ. ತಳದ ಗಸಿಯೇ ನಾಳಿನ ಕಲಗಚ್ಚಿಗೆ ಹೆಪ್ಪು, ಅದನ್ನಾದರೂ ಉಳಿಸು!"

ಹಂದಿ ಕೇಳಲಿಲ್ಲ, ಬಾನಿಯನ್ನೇ ಕವುಚಿ ಹಾಕಿತು. ಒಡತಿ ದೇಚಮ್ಮ ಬಾನಿಯನ್ನು ಸೋಪುಪುಡಿಯಿಂದ ತಿಕ್ಕಿ ತೊಳೆದು, ಹೊಸ ತೌಡು ಕಲಸಿಟ್ಟಳು. ಹಂದಿ ಗಬಗಬನೆ ತಿಂದಿತು. ವಾರದೊಳಗೆ ಭೇದಿ ಹತ್ತಿ, ಪಕ್ಕೆಲುಬು ಎದ್ದವು.

"ಬಾನಿಯಣ್ಣಾ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಒಂದು ಗುಟುಕು ಹುಳಿ ಕೊಡು," ಎಂದು ನರಳಿತು.

ಬಾನಿ ಗುಡುಗಿತು: "ನಿನ್ನ ಹೊಟ್ಟೆ ಕಾಯುತ್ತಿದ್ದ, ಕಣ್ಣಿಗೆ ಕಾಣದ ಜೀವಿಗಳೆಲ್ಲ ಆ ಗಸಿಯಲ್ಲಿದ್ದವು. ಹೆಪ್ಪನ್ನು ಮಣ್ಣುಪಾಲು ಮಾಡಿದವನು ಈಗ ಮೊಸರು ಕೇಳಲು ಬಂದೆಯಾ?"