ಸಾಕು ಅನ್ನಲಾರದ ದುಂಡಯ್ಯ

ಒಂದಾನೊಂದು ಊರಿನಲ್ಲಿ, ಊರಂದ್ರೆ ನೆಲದ ಮೇಲಿನದ್ದಲ್ಲ, ಮೋಡದೊಳಗಿನ ಊರು, ಬರೀ ನೀರಿನ ಹನಿಗಳೇ ವಾಸವಾಗಿದ್ವು. ಆ ಊರಿಗೆ ಮುಗಿಲೇಗೌಡ ಅಂತ ಒಬ್ಬ ಯಜಮಾನ. ಅವನೂ ಹನಿಯೇ, ಮೀಸೆ ಇದ್ದ ಹನಿ. ಏ, ನಗಬೇಡ. ನಗೋದಾದ್ರೆ ನೀನೇ ಕತೆ ಹೇಳು, ನಾನು ಒಲೆಗೆ ಸೌದೆ ಹಾಕ್ತೀನಿ.

ಆ ಊರಲ್ಲಿ ಚಳಿ ಅಂದ್ರೆ ಚಳಿ. ಬೇರೆ ಕಡೆ ನೀರಾಗಿದ್ರೆ ಯಾವತ್ತೋ ಗಡ್ಡೆ ಕಟ್ಟಿರೋದು. ಇವು ಕಟ್ಟಿರಲಿಲ್ಲ. ಯಾಕೆ? ಗಡ್ಡೆ ಕಟ್ಟಬೇಕಾದ್ರೆ ಕೂರಬೇಕು. ಕೂರಬೇಕಾದ್ರೆ ಮಣೆ ಬೇಕು. ಮಣೆ ಹಾಕದೆ ಕೂರೋದು ಮರ್ಯಾದಸ್ತರ ಲಕ್ಷಣ ಅಲ್ಲ ಅಂತ ಗೌಡನ ಕಟ್ಟಪ್ಪಣೆ. ಊರಲ್ಲಿ ಮಣೆಯೇ ಇರಲಿಲ್ಲ. ಅದಕ್ಕೇ ಎಲ್ಲರೂ ಗಡಗಡ ನಡುಗ್ತಾ, ನೀರಾಗೇ ನಿಂತಿದ್ರು.

ಅಲ್ಲಿ ದುಂಡಯ್ಯ ಅಂತ ಒಬ್ಬ ಇದ್ದ. ಅವನ ಹೆಂಡತಿ ತೊಟ್ಟವ್ವ. ದುಂಡಯ್ಯನಿಗೆ ಮೊಣಕಾಲು ನೋವು. ಹನಿಗೆಲ್ಲಿ ಮೊಣಕಾಲು ಅಂತೀಯಾ? ಇಲ್ಲದೆ ನೋಯುತ್ತೇನೋ, ಪೆದ್ದ?

ಒಂದು ದಿನ ಯಾರದೋ ಅಂಗಳದ ಧೂಳು, ಸಾಸಿವೆಗಿಂತ ಸಣ್ಣದು, ಗಾಳೀಲಿ ಹಾರಿ ಊರೊಳಕ್ಕೆ ಬಂತು.

"ಬಂತು ಮಣೆ!" ಅಂದ ಗೌಡ.

"ಅಲ್ಲ ಸ್ವಾಮಿ, ನಾನು ಧೂಳು."

"ಮಣೆ ಅಂದ್ರೆ ಏನು?"

"ಮೇಲೆ ಕೂರೋದು, ಸ್ವಾಮಿ."

"ನಿನ್ನ ಮೇಲೆ ಕೂತ್ರೆ?"

ಧೂಳು ಯೋಚನೆ ಮಾಡ್ತು. ಮಾಡ್ತಾ ಮಾಡ್ತಾ ಮಣೆಯಾಗಿಬಿಡ್ತು.

ಮೊಣಕಾಲು ನೋವಿನವನು ಮೊದಲು ಕೂರಲಿ ಅಂದ್ರು. ದುಂಡಯ್ಯ ಕೂತ. ಕೂತಿದ್ದೇ ತಡ, ಟಕ್! ಹಿಮವಾದ. ಆರು ಮೂಲೆ ಬಂತು.

"ಅಯ್ಯೋ ನನ್ನ ಕರ್ಮವೇ! ದುಂಡಗಿದ್ದೋರು ಹೀಗಾದ್ರಲ್ರೀ! ಯಾವ ಮೂಲೇನ ನೋಡಿ ಮಾತಾಡ್ಲಿ?" ಅಂತ ತೊಟ್ಟವ್ವ ಸುತ್ತ ಸುತ್ತ ತಿರುಗಿದಳು.

ಇಷ್ಟಕ್ಕೇ ಮುಗಿದಿದ್ರೆ ಚೆನ್ನಾಗಿತ್ತು. ಮುಗೀಲಿಲ್ಲ. ಮಣೆ ಮೇಲೆ ಕೂತೋರಿಗೆ ಬಡಿಸಬೇಕಲ್ಲ! ಕೂತೋರು 'ಸಾಕು' ಅನ್ನೋವರೆಗೂ ಬಡಿಸೋರು ನಿಲ್ಲಿಸೋ ಹಾಗಿಲ್ಲ. ಅದೂ ಗೌಡನ ಅಪ್ಪಣೆ. ಬಡಿಸೋಕೆ ಆ ಊರಲ್ಲಿ ಏನಿತ್ತು? ಅವರೇ ಇದ್ದಿದ್ದು. ಹಾಗಾಗಿ ಒಬ್ಬೊಬ್ಬರೂ ಒಂಚೂರು ಹಬೆಯಾಗಿ ಎದ್ದು, ತಮ್ಮನ್ನೇ ಬಡಿಸಿದ್ರು.

"ಇನ್ನೊಂಚೂರು?"

ದುಂಡಯ್ಯ ಸುಮ್ಮನಿದ್ದ.

"ನಾಚಿಕೋಬೇಡಿ, ಇನ್ನೊಂಚೂರು?"

ದುಂಡಯ್ಯ ಸುಮ್ಮನಿದ್ದ. ಬಾಯಿ ಗಡ್ಡೆ ಕಟ್ಟಿತ್ತು, ಪಾಪ. 'ಸಾಕು' ಅನ್ನೋದು ಹೇಗೆ?

ಬಡಿಸಿದೋರು ಸಣ್ಣಗಾದ್ರು. ಉಂಡೋನು ದಪ್ಪಗಾದ. ಅವನ ಆರು ಮೂಲೆಗೂ ಕೊಂಬೆ ಬಂತು, ಕೊಂಬೆಗೆ ರೆಂಬೆ ಬಂತು. ಆ ಮನೆಯವರು ಇಲ್ಲ, ಈ ಮನೆಯವರು ಇಲ್ಲ, ಓಣಿಗೆ ಓಣಿಯೇ ಇಲ್ಲ. "ಊರು ಎಲ್ಲಿ ಹೋಯ್ತೋ?" ಅಂತ ಗೌಡ ಹುಡುಕಿದ. ಸಿಗಲಿಲ್ಲ. ಮರ್ಯಾದೆ ಬಿಡೋಕಾಗುತ್ತಾ? ತಾನೂ ಬಡಿಸಿದ. ಮೀಸೇನೂ ಬಡಿಸಿಬಿಟ್ಟ.

ಉಳಿದಿದ್ದು ತೊಟ್ಟವ್ವ ಒಬ್ಬಳೇ.

"ಸಾಕು ಅನ್ರೀ," ಅಂದಳು. "ಇನ್ನೊಂದು ತುತ್ತಿಗೆ ನಾನೇ ಇರೋದಿಲ್ಲ."

ದುಂಡಯ್ಯನಿಗೆ ಒಳಗೇ ಎದೆ ಒಡೀತಿತ್ತು. ಸಾಕು ಕಣೇ, ಸಾಕು, ಸಾಕು! ಒಂದೂ ಆಚೆ ಬರಲಿಲ್ಲ. ಅಳೋಣ ಅಂದ್ರೆ ಕಣ್ಣೀರೂ ಗಡ್ಡೆ.

"ಹೋಗ್ಲಿ ಬಿಡಿ. ಅರೆಹೊಟ್ಟೇಲಿ ಎಬ್ಬಿಸಿದಳು ಅನ್ನೋ ಮಾತು ನನಗೆ ಬೇಡ," ಅಂದಳು. ಬಡಿಸಿದಳು. ಹೋದಳು.

ಆಗ ಮಣೆ, "ಅಯ್ಯಪ್ಪಾ ನನ್ನ ಸೊಂಟ!" ಅಂತು. ಭಾರ ತಡೀಲಾರದೆ ಇಬ್ಬರೂ ಕೆಳಕ್ಕೆ ಬಿದ್ರು. ಬೀಳ್ತಾ ಬೀಳ್ತಾ ಗಾಳಿ ಬೆಚ್ಚಗಾಯ್ತು. ಕೊಂಬೆ ಕರಗ್ತು, ಮೂಲೆ ಕರಗ್ತು, ಕೊನೆಗೆ ಬಾಯಿ ಕರಗ್ತು.

"ಸಾಕು!" ಅಂತ ಕಿರುಚಿದ ದುಂಡಯ್ಯ.

"ಇಷ್ಟು ಹೊತ್ತು ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?" ಅಂತು ಒಂದು ದನಿ. ಅವನ ಬಾಯಿಂದಲೇ ಬಂತು. ತೊಟ್ಟವ್ವನ ದನಿ!

"ಎಲ್ಲಿದ್ದೀಯೇ?"

"ನೀವೆಲ್ಲಿದ್ದೀರೋ ಅಲ್ಲೇ."

"ಹಾಗಾದ್ರೆ ಇದು ನಾನೋ, ನೀನೋ?"

"ಗೊತ್ತಿಲ್ಲ ಕಣ್ರೀ. ಜೊತೇಲಿ ಗೌಡ್ರೂ ಇದ್ದ ಹಾಗಿದೆ, ಸೆರಗು ಹೊದ್ಕೊಳ್ಳೋಣ ಅಂದ್ರೆ ನನ್ನ ಹೆಗಲು ಯಾವುದು ಅಂತ ತಿಳೀತಿಲ್ಲ. ಅದೆಲ್ಲ ಇರ್ಲಿ, ನೆಲ ಬಂತು, ಹಿಡ್ಕೊಳ್ಳಿ!"

ಯಾರು ಯಾರನ್ನ ಹಿಡ್ಕೊಂಡ್ರೋ. ಟಪ್ ಅಂತ ಬಿದ್ರು, ನೂರಾರು ಚೂರಾಗಿ ಸಿಡಿದ್ರು. ಯಾವುದು ಅವನು, ಯಾವುದು ಅವಳು ಅಂತ ಆರಿಸೋಕೆ ಯಾರಿಗೂ ಆಗಲಿಲ್ಲ. ಅವರಿಗೂ ಆಗಲಿಲ್ಲ. ಆರಿಸ್ಕೊಳ್ಳೋದು ಬೇಡ ಅಂತ ಇಬ್ಬರಿಗೂ ಅನ್ನಿಸ್ತು, ಅಥವಾ ಒಬ್ಬರಿಗೇ ಎರಡು ಸಲ ಅನ್ನಿಸ್ತು.

ನೀತಿ ಏನಪ್ಪಾ ಅಂದ್ರೆ, ಊಟಕ್ಕೆ ಕೂರೋಕೆ ಮುಂಚೆನೇ ಸಾಕು ಅಂದುಬಿಡಬೇಕು. ಹಾಗಂದ್ರೆ ಯಾರೂ ಬಡಿಸೋದಿಲ್ಲ. ಬಡಿಸದಿದ್ರೆ ಮಳೆಯೇ ಇಲ್ಲ. ಥತ್, ನೀತಿ ನೀವೇ ಮಾಡ್ಕೊಳ್ಳಿ. ಅವರು ಹಳ್ಳ ಸೇರಿದ್ರು, ನಾವು ಹೀಗೆ ಬಾಯಿ ಬಿಟ್ಕೊಂಡು ಕೂತಿದ್ದೀವಿ.