ಸೂಜಿ ಕೂರಿಸಿದ ತಿಪ್ಪೇಶ

ಓಬಮ್ಮನಿಗೆ ಇಬ್ಬರಿಗಾಗುವಷ್ಟು ಬುದ್ಧಿಯಿತ್ತು. ಮಗ ತಿಪ್ಪೇಶನ ಪಾಲೂ ಅವಳಲ್ಲೇ ಉಳಿದುಬಿಟ್ಟಿದೆ ಅಂತ ಊರವರು ಅನ್ನುತ್ತಿದ್ದರು. ಬೇರೆ ತಾಯಂದಿರು ಮಗ ಹೇಳಿದ್ದು ಮಾಡುವುದಿಲ್ಲ ಅಂತ ಅಳುತ್ತಿದ್ದರೆ, ಓಬಮ್ಮ ಹೇಳಿದ್ದನ್ನೇ ಮಾಡುತ್ತಾನೆ ಅಂತ ಅಳುತ್ತಿದ್ದಳು.

ಏಳು ಮನೆಯವರು ಆಗಲೇ ಹೆಣ್ಣು ಕೊಡೋದಿಲ್ಲ ಅಂದಿದ್ದರು. ಎಂಟನೆಯ ಮನೆಗೆ ಓಬಮ್ಮ ಒಂದು ಮಾತು ಸೇರಿಸಿ ಹೇಳಿಕಳಿಸಿದಳು: ನಮ್ಮ ಹುಡುಗ ತನ್ನ ಕಾರು ತಾನೇ ರಿಪೇರಿ ಮಾಡಿಕೊಳ್ಳುತ್ತಾನೆ. ಹಾಗಾದರೆ ಗುರುವಾರ ಅದೇ ಕಾರಿನಲ್ಲಿ ಬನ್ನಿ, ಅಂತ ಉತ್ತರ ಬಂತು.

ಅಪ್ಪ ಬಿಟ್ಟುಹೋದ ಮುದಿ ಕಾರು ಅದು. ಓಡಿಸುವುದನ್ನು ಅಪ್ಪ ಕಲಿಸಿದ್ದ. ಬಿಚ್ಚುವುದನ್ನು ಕಲಿಸುವ ಧೈರ್ಯ ಮಾಡಿರಲಿಲ್ಲ. ಸೋಮವಾರ ನೋಡಿದರೆ ಬಾನೆಟ್ಟಿನ ಕೆಳಗೆ ತೊಟ್ಟು ತೊಟ್ಟು ಪೆಟ್ರೋಲು.

ಮೆಕ್ಯಾನಿಕ್ ಮಸ್ತಾನ್ ಸಾಬರು ಬಂದು ನೋಡಿದರು. ಕಾರ್ಬುರೇಟರ್ ಸೋರುತ್ತಿದೆ, ಒಳಗೆ ಪೆಟ್ರೋಲು ತಡೆಯುವ ಸಣ್ಣ ಸೂಜಿಗೆ ಕಸ ಹಿಡಿದಿದೆ ಅಂದರು. ಬಿಚ್ಚಿ, ಸೂಜಿಯನ್ನು ತಿಪ್ಪೇಶನ ಕೈಗಿಟ್ಟರು.

"ಚೆನ್ನಾಗಿ ತೊಳೆದು ಸೂಜಿ ಕೂರಿಸಪ್ಪ. ಹತ್ತಿರ ಬೆಂಕಿ ತರಬೇಡ."

ತಿಪ್ಪೇಶ ತೊಳೆದ. ಮಣೆ ಹಾಕಿ, ಅಕ್ಕಿ ಹರಡಿ, ಸೂಜಿ ಕೂರಿಸಿದ. ಕುಂಕುಮ ಇಟ್ಟ, ಗರಿಕೆ ಏರಿಸಿದ, ಕಾಯಿ ಒಡೆದ. ದೀಪ ಮಾತ್ರ ಹಚ್ಚಲಿಲ್ಲ. ಬೆಂಕಿ ಬೇಡ ಅಂದಿದ್ದರಲ್ಲ. ಸಂಜೆ ಜಾಗಟೆ ಬಾರಿಸಿಕೊಂಡು ಹೋಗಿ ಸೂಜಿಯನ್ನು ಬಾವಿಗೆ ಬಿಟ್ಟುಬಂದ.

ಓಬಮ್ಮ ಹಣೆ ಹಣೆ ಬಡಿದುಕೊಂಡಳು. ಕೂರಿಸು ಅಂದರೇ ಹೊರತು ಬಿಡು ಅಂತ ಯಾರಂದರೋ ಅಂದಳು.

"ಕೂರಿಸಿದ ಮೇಲೆ ಬಿಡಬೇಕಲ್ಲವ್ವಾ. ಹಂಗೇ ಇಟ್ಕಂಡ್ರೆ ಮನೆಗೆ ಒಳ್ಳೇದಲ್ಲ."

ಸಾಬರು ಪೇಟೆಯಿಂದ ಹೊಸ ಸೂಜಿ ತರಿಸಿದರು. ಈ ಸಲ ಬಿಡಿಸಿ ಹೇಳಿದರು: ಇದು ದೇವರಲ್ಲ, ಪೂಜೆ ಬೇಡ. ಸೂಜಿಯನ್ನು ಸೂಜಿಯ ಜಾಗದಲ್ಲಿಡು, ಮುಚ್ಚಳ ಹಾಕು, ಬಿಗಿ ಮಾಡು.

ತಿಪ್ಪೇಶ ನೆಟ್ಟಗೆ ಅಡುಗೆಮನೆಗೆ ಹೋದ. ಅವ್ವನ ಸೂಜಿದಾರದ ಡಬ್ಬಿ ತೆಗೆದ. ಸೂಜಿಯನ್ನು ಸೂಜಿಗಳ ಜೊತೆ ಇಟ್ಟ, ಮುಚ್ಚಳ ಹಾಕಿದ, ಇಕ್ಕಳ ಹಿಡಿದು ಬಿಗಿ ಮಾಡಿದ.

ಬುಧವಾರ ಸಂಜೆ ಓಬಮ್ಮ ರವಿಕೆಗೆ ಹುಕ್ಕು ಹಾಕಲು ಕೂತರೆ ಡಬ್ಬಿ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ವಿಷಯ ತಿಳಿದು ಅವಳು ಬೆರಳು ಮಡಿಸಿ ಎಣಿಸಿದಳು. ಬಾವಿಯಲ್ಲೊಂದು ಸೂಜಿ, ಡಬ್ಬಿಯಲ್ಲೊಂದು ಸೂಜಿ, ಕಾರಿನಲ್ಲಿ ಮಾತ್ರ ಇಲ್ಲ.

ಸಾಬರು ಡಬ್ಬಿ ಒಡೆದು, ಸೂಜಿಯನ್ನು ತಾವೇ ಜೋಡಿಸಿದರು. ಸೋರುವುದು ನಿಂತಿತು. ಹೋಗುವಾಗ ತಿಪ್ಪೇಶನ ಕೈಗೆ ಒಂದು ಸ್ಪ್ಯಾನರ್ ಕೊಟ್ಟರು.

"ನಾಳೆ ಎಲ್ಲಾದರೂ ಸೋರಿದರೆ ಇದರಿಂದ ಮೇಲೆ ಎರಡು ಸಲ ಮೆಲ್ಲಗೆ ತಟ್ಟು. ನಿಲ್ಲುತ್ತೆ. ಜಾಸ್ತಿ ಯೋಚನೆ ಮಾಡಬೇಡ."

ಓಬಮ್ಮನೂ ಒಂದು ಮಾತು ಹೇಳಿದಳು: ಅಲ್ಲಿ ನೀನು ಬಾಯಿ ಬಿಡಬೇಡ.

ಗುರುವಾರ ಕಾರು ಒಂದು ತೊಟ್ಟೂ ಸೋರದೆ ಹೆಣ್ಣಿನ ಮನೆ ಮುಟ್ಟಿತು. ಹುಡುಗಿಯ ಅಪ್ಪ ವೀರಭದ್ರಪ್ಪ ಮೇಷ್ಟ್ರು. ಅವರು ಕೆಮ್ಮಿದರೆ ಬೀದಿ ಸುಮ್ಮನಾಗುತ್ತಿತ್ತು. ತಿಪ್ಪೇಶನ ಮುಂದೆ ಉಪ್ಪಿಟ್ಟು ಬಂತು. ಅವನು ಬಾಯಿ ಬಿಡಲಿಲ್ಲ. ಹೆಸರು ಕೇಳಿದರು, ಬಾಯಿ ಬಿಡಲಿಲ್ಲ. ಹುಡುಗ ಬಲು ಗಂಭೀರ ಅಂತ ಮೇಷ್ಟ್ರಿಗೆ ಅನ್ನಿಸಿತು.

ಮೇಷ್ಟ್ರಿಗೆ ಅವತ್ತು ನೆಗಡಿ. ಮೂಗಿನ ತುದಿಯಲ್ಲಿ ಒಂದು ತೊಟ್ಟು ನಿಂತಿತು, ಬಿತ್ತು. ಇನ್ನೊಂದು ನಿಂತಿತು.

ತಿಪ್ಪೇಶ ಎದ್ದ. ಜೇಬಿನಿಂದ ಸ್ಪ್ಯಾನರ್ ತೆಗೆದ. ಮೇಷ್ಟ್ರ ಬೋಳುತಲೆಯ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ.

ಮೇಷ್ಟ್ರು ಉಸಿರು ಬಿಡುವುದನ್ನೇ ಮರೆತರು. ಮೂಗು ಸೋರುವುದೂ ನಿಂತಿತು.

ಒಳಬಾಗಿಲಲ್ಲಿದ್ದ ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ ಅಂದಳು: "ಅಪ್ಪಾ, ನಿಮ್ಮ ತಲೆ ಮುಟ್ಟೋ ಗಂಡಸು ಈ ಸೀಮೆಯಲ್ಲೇ ಇಲ್ಲ ಅಂದ್ಕೊಂಡಿದ್ದೆ. ನಂಗೆ ಒಪ್ಪಿಗೆ."

ಓಬಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಎರಡು ಕಣ್ಣಿಂದಲೂ ಧಾರಾಕಾರವಾಗಿ ನೀರು ಇಳಿಯಿತು.

ತಿಪ್ಪೇಶ ನೋಡಿದ. ಒಂದಲ್ಲ, ಎರಡು ಕಡೆ ಸೋರುತ್ತಿದೆ. ಎರಡೆರಡಲ ನಾಲ್ಕು ಅಂತ ಲೆಕ್ಕ ಹಾಕಿಕೊಂಡು ಸ್ಪ್ಯಾನರ್ ಎತ್ತಿದ.